ಕಂಪ್ಯೂಟರ್ ಗುರುತಿಸದ ಹಾರ್ಡ್ ಡಿಸ್ಕ್: ಫಾರ್ಮ್ಯಾಟ್ ಗುಂಡಿ ಒತ್ತುವ ಮುನ್ನ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಸುತ್ತಲಿನ ವೀರಗಲ್ಲು, ಮಾಸ್ತಿಗಲ್ಲುಗಳ ಸಾವಿರಾರು ಛಾಯಾಚಿತ್ರಗಳು ಮತ್ತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಟಿಪ್ಪಣಿಗಳು 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿವೆ. ಬೇರೆ ಪ್ರತಿ ಇಲ್ಲ. ಕಳೆದ ಒಂದು ತಿಂಗಳಿಂದ ಫೋಲ್ಡರ್ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಈಚೆಗೆ ಒಂದು ದಿನ ಕರೆಂಟು ಹೋಗಿ ಕಂಪ್ಯೂಟರ್ ಆರಿತು. ಆಮೇಲೆ ಡಿಸ್ಕ್ ಸಿಕ್ಕಿಸಿದರೆ ದೀಪ ಹತ್ತುತ್ತದೆ, ತಿರುಗುವ ಸದ್ದೂ ಕೇಳುತ್ತದೆ, ಆದರೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸೂಚನೆ ಬರುತ್ತದೆ. ಕೆಲವೊಮ್ಮೆ ಏನೂ ಕಾಣಿಸುವುದಿಲ್ಲ. ಫಾರ್ಮ್ಯಾಟ್ ಮಾಡಿ ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕೋಣ ಎನ್ನುತ್ತಾನೆ ಅಕ್ಕನ ಮಗ. ಕವಚ ಬಿಚ್ಚಿ ಬೇರೆ ಪೆಟ್ಟಿಗೆಗೆ ಹಾಕಿದರೆ ಸಾಕು ಎನ್ನುತ್ತಾರೆ ಅಂಗಡಿಯವರು. ಹಳೆಯ ವಿದ್ಯಾರ್ಥಿಯೊಬ್ಬ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಿ ಎಂದಿದ್ದಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಮೂವರ ಮಾತನ್ನೂ ಕೇಳಬೇಡಿ. ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿ, ಈ ಉತ್ತರವನ್ನು ಪೂರ್ತಿ ಓದುವವರೆಗೆ ಮತ್ತೆ ಸಿಕ್ಕಿಸದೆ ಇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಫಾರ್ಮ್ಯಾಟ್ ಸೂಚನೆಯಲ್ಲ, ಅದಕ್ಕೂ ಒಂದು ತಿಂಗಳು ಮೊದಲೇ ಶುರುವಾಗಿದ್ದ ನಿಧಾನಗತಿ. ಕರೆಂಟು ಹೋದದ್ದೇ ಕಾರಣವಾಗಿದ್ದರೆ ತೊಂದರೆ ಆ ದಿನವೇ ಆರಂಭವಾಗಬೇಕಿತ್ತು. ಡಿಸ್ಕಿನ ತಟ್ಟೆಯ ಮೇಲೆ ಒಂದು ಸೆಕ್ಟರ್, ಅಂದರೆ ಡೇಟಾ ಬರೆದಿಡುವ ಒಂದು ಪುಟ್ಟ ಜಾಗ, ಸರಿಯಾಗಿ ಓದಲು ಬಾರದೆ ಹೋದಾಗ ಡಿಸ್ಕ್ ಸುಮ್ಮನೆ ಕೈಚೆಲ್ಲುವುದಿಲ್ಲ; ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಹಾಗೆ ಒಂದೊಂದು ಸೆಕ್ಟರಿಗೂ ಹಲವು ಸೆಕೆಂಡು ಕಳೆಯುತ್ತದೆ. ಆದ್ದರಿಂದ ನಿಮ್ಮ ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳು ಆಗಲೇ ಹುಟ್ಟಿಕೊಂಡಿದ್ದವು, ಕರೆಂಟು ಹೋದಾಗ ಅರ್ಧಕ್ಕೆ ನಿಂತ ಬರವಣಿಗೆ ಅದಕ್ಕೆ ಜೊತೆಯಾಯಿತು ಎಂದು ಊಹಿಸುವುದು ಹೆಚ್ಚು ಸರಿ. ಈ ಊಹೆ ನಿಜವಾದರೆ ಸುದ್ದಿ ಅಷ್ಟೇನೂ ಕೆಟ್ಟದಲ್ಲ. ಹಾಜರಿ ಪುಸ್ತಕದ ಮೊದಲ ಹಾಳೆ ಹರಿದುಹೋದರೆ ತರಗತಿಯಲ್ಲಿ ಮಕ್ಕಳೇ ಇಲ್ಲವೆಂದು ಅರ್ಥವಲ್ಲ. ನಿಮ್ಮ ವೀರಗಲ್ಲುಗಳ ಚಿತ್ರಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇವೆ, ಅವು ಎಲ್ಲಿವೆ ಎಂದು ಹೇಳುವ ಪಟ್ಟಿಯನ್ನು ವಿಂಡೋಸ್ ಓದಲಾರದೆ ಹೋಗಿದೆ.

‘ಕಂಪ್ಯೂಟರ್ ಗುರುತಿಸುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಮೊದಲು ಡಿಸ್ಕಿಗೆ ವಿದ್ಯುತ್ ಸಿಗಬೇಕು. ಆಮೇಲೆ ಯುಎಸ್‌ಬಿಗೂ ಡಿಸ್ಕಿಗೂ ನಡುವೆ ದುಭಾಷಿಯ ಕೆಲಸ ಮಾಡುವ ಚಿಕ್ಕ ಸರ್ಕ್ಯೂಟ್ ಮಾತಾಡಬೇಕು. ಅದರ ಹಿಂದೆ ಡಿಸ್ಕ್ ತನ್ನ ಅಳತೆಯನ್ನು ಸರಿಯಾಗಿ ಹೇಳಬೇಕು. ಅದರ ಮೇಲಿನ ಪಾರ್ಟಿಷನ್ ಪಟ್ಟಿ, ಅಂದರೆ ಡಿಸ್ಕನ್ನು ಯಾವ ಯಾವ ಭಾಗಗಳಾಗಿ ವಿಂಗಡಿಸಿದೆ ಎಂಬ ಲೆಕ್ಕ, ಅರ್ಥವಾಗಬೇಕು. ಕೊನೆಗೆ ಫೈಲ್ ಸಿಸ್ಟಮ್, ಅಂದರೆ ಯಾವ ಕಡತ ಎಲ್ಲಿದೆ ಎಂದು ಹೇಳುವ ವ್ಯವಸ್ಥೆ, ತೆರೆಯಬೇಕು. ಇವುಗಳಲ್ಲಿ ಯಾವ ಮೆಟ್ಟಿಲಿನಲ್ಲಿ ಕಾಲು ಎಡವಿದೆ ಎಂದು ತಿಳಿಯದೆ ಮಾಡುವ ಚಿಕಿತ್ಸೆ ಕುರುಡು ಚಿಕಿತ್ಸೆ.

ವಿದ್ಯುತ್ತಿನ ವಿಷಯವನ್ನು ಅಲಕ್ಷಿಸಬೇಡಿ, ಏಕೆಂದರೆ ನಿಮಗೆ ‘ಕೆಲವೊಮ್ಮೆ’ ಏನೂ ಕಾಣಿಸುವುದಿಲ್ಲ ಎಂದಿದ್ದೀರಿ. ಅಂಗೈಯಗಲದ ಈ ಡಿಸ್ಕುಗಳು ಪ್ರತ್ಯೇಕ ಅಡಾಪ್ಟರ್ ಇಲ್ಲದೆ ಯುಎಸ್‌ಬಿ ಪೋರ್ಟಿನಿಂದಲೇ ಶಕ್ತಿ ಪಡೆಯುತ್ತವೆ. ಯುಎಸ್‌ಬಿ 2.0 ಪೋರ್ಟು ನಿಯಮದ ಪ್ರಕಾರ ಕೊಡಬೇಕಾದದ್ದು 500 ಮಿಲಿಆಂಪ್, 3.0 ಪೋರ್ಟು 900 ಮಿಲಿಆಂಪ್. ಮೋಟಾರು ತಿರುಗಲು ಆರಂಭಿಸುವ ಕ್ಷಣದಲ್ಲಿ ಡಿಸ್ಕಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದುಂಟು. ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟುಗಳು ಒಳಗೆ ಉದ್ದನೆಯ ತಂತಿಯ ಮೂಲಕ ಮದರ್‌ಬೋರ್ಡ್ ಸೇರುವುದರಿಂದ ಅಲ್ಲಿ ವೋಲ್ಟೇಜ್ ಕುಸಿಯುವುದು ಸಾಮಾನ್ಯ. ಹಬ್ ಮತ್ತು ಎಕ್ಸ್‌ಟೆನ್ಷನ್ ಕೇಬಲ್ ಬಿಟ್ಟು, ಹಿಂಭಾಗದ ಪೋರ್ಟಿಗೆ ನೇರವಾಗಿ, ಬೇರೊಂದು ಗಿಡ್ಡ ಕೇಬಲಿನಿಂದ ಸಿಕ್ಕಿಸಬೇಕು. ಡಿಸ್ಕಿನ ಬದಿಯಲ್ಲಿರುವ ಆ ಚಪ್ಪಟೆ, ಎರಡು ಭಾಗದ ಸಾಕೆಟ್ ಗಮನಿಸಿ: ಅದರ ಅಗಲ ಭಾಗಕ್ಕೆ ಹಳೆಯ ಆಂಡ್ರಾಯ್ಡ್ ಫೋನುಗಳ ಮೈಕ್ರೊ ಯುಎಸ್‌ಬಿ ಕೇಬಲ್ ಸರಿಯಾಗಿ ಕೂರುತ್ತದೆ. ವೇಗ 2.0ಕ್ಕೆ ಇಳಿಯುತ್ತದೆ, ಆದರೆ ಕೇಬಲ್ ಕೆಟ್ಟಿದೆಯೋ ಡಿಸ್ಕ್ ಕೆಟ್ಟಿದೆಯೋ ಎಂದು ನೋಡಲು ಊರಿನಲ್ಲಿ ಸಿಗುವ ಅತಿ ಅಗ್ಗದ ಪರೀಕ್ಷೆ ಇದು. ಬರೀ ಚಾರ್ಜಿಂಗಿಗೆಂದು ಮಾರುವ ಕೇಬಲ್ ಮಾತ್ರ ಆಗದು. ಅದರಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ.

ಇನ್ನು ಕಿವಿಯ ಪರೀಕ್ಷೆ. ಡಿಸ್ಕನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಸಿಕ್ಕಿಸಿ, ಹತ್ತು ಹದಿನೈದು ಸೆಕೆಂಡು ಆಲಿಸಿ. ಏಕರೀತಿಯ ಮಂದ ಗುಂಯ್‌ಗುಟ್ಟುವಿಕೆ ಕೇಳಿದರೆ ಮೋಟಾರು ಸರಿಯಿದೆ. ಲಯಬದ್ಧವಾಗಿ ಟಕ್, ಟಕ್ ಎಂದು ಬಡಿದು ನಿಂತರೆ ಓದುವ ಹೆಡ್ಡುಗಳು ತಟ್ಟೆಯ ಮೇಲಿನ ಗುರುತುಗಳನ್ನು ಹುಡುಕಲಾರದೆ ಮರಳಿ ಮರಳಿ ಹೊರಡುತ್ತಿವೆ ಎಂದರ್ಥ. ಸಣ್ಣಗೆ ಪೀಂ ಪೀಂ ಎಂದರೆ ಹೆಡ್ಡು ತಟ್ಟೆಗೆ ಅಂಟಿಕೊಂಡೋ ಬೇರಿಂಗ್ ಬಿಗಿದೋ ಮೋಟಾರು ತಿರುಗಲಾಗದೆ ಒದ್ದಾಡುತ್ತಿದೆ. ಕೊನೆಯ ಎರಡು ಸದ್ದುಗಳಲ್ಲಿ ಯಾವುದು ಕೇಳಿದರೂ ತಕ್ಷಣ ಬಿಡಿಸಿ. ಅಲ್ಲಿಗೆ ಮನೆಯ ಪ್ರಯೋಗ ಮುಗಿಯಿತು. ತಿರುಗುವ ತಟ್ಟೆಗೂ ಹೆಡ್ಡಿಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಕೆಟ್ಟ ಹೆಡ್ಡಿನೊಂದಿಗೆ ಡಿಸ್ಕ್ ಓಡಿದ ಪ್ರತಿ ನಿಮಿಷವೂ ನಿಮ್ಮ ಚಿತ್ರಗಳಿರುವ ಲೇಪನವನ್ನು ಕೆರೆದು ಪುಡಿಮಾಡುವ ನಿಮಿಷವಾಗಬಹುದು, ಹಾಗೆ ಪುಡಿಯಾದದ್ದನ್ನು ಯಾವ ಪ್ರಯೋಗಾಲಯವೂ ಮರಳಿಸಲಾರದು.

ನಿಮ್ಮ ಡಿಸ್ಕ್ ಗುಂಯ್‌ಗುಡುತ್ತಿದೆ ಎಂದಿಟ್ಟುಕೊಳ್ಳೋಣ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ ಮತ್ತು ಅಲ್ಲಿ ನೋಡುವುದನ್ನು ಬಿಟ್ಟು ಬೇರೇನೂ ಮಾಡಬೇಡಿ. 1 ಟಿಬಿ ಡಿಸ್ಕ್ ಅಲ್ಲಿ ಸುಮಾರು 931 ಜಿಬಿ ಎಂದು ತೋರಬೇಕು. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸ ಅಷ್ಟೆ. ಅಳತೆ ಸರಿಯಿದ್ದು ಮುಂದೆ ‘ರಾ’ ಎಂದಿದ್ದರೆ ತೊಂದರೆ ಫೈಲ್ ಸಿಸ್ಟಮಿನಲ್ಲಿದೆ. ‘ಅನ್‌ಅಲೊಕೇಟೆಡ್’ ಎಂದಿದ್ದರೆ ಪಾರ್ಟಿಷನ್ ಪಟ್ಟಿ ಓದಲಾಗಿಲ್ಲ. ಅಳತೆಯೇ ಇಲ್ಲದೆ ‘ನಾಟ್ ಇನಿಶಿಯಲೈಸ್ಡ್’ ಎಂದಿದ್ದರೆ ದುಭಾಷಿ ಸರ್ಕ್ಯೂಟ್ ಉತ್ತರಿಸುತ್ತಿದೆ, ಹಿಂದಿನ ಡಿಸ್ಕ್ ಮೌನವಾಗಿದೆ, ಇದು ಗಂಭೀರ. ಎಲ್ಲ ಸರಿಯಿದ್ದು ಡ್ರೈವಿಗೆ ಅಕ್ಷರ ಮಾತ್ರ ಇಲ್ಲದಿದ್ದರೆ ಅದೃಷ್ಟವಂತರು ನೀವು; ಅಕ್ಷರ ಕೊಟ್ಟರೆ ಡಿಸ್ಕ್ ತೆರೆಯುತ್ತದೆ. ಮ್ಯಾಕ್ ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಆರೋಗ್ಯವಂತ ಡಿಸ್ಕಿಗೂ ವಿಂಡೋಸ್ ‘ಫಾರ್ಮ್ಯಾಟ್ ಮಾಡಿ’ ಎನ್ನುವುದುಂಟು, ನಿಮ್ಮದು ಹಾಗಲ್ಲ ಎಂದು ಭಾವಿಸುತ್ತೇನೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಹೋಗಿ ಬಂದ ಪೆನ್ ಡ್ರೈವುಗಳಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ವೈರಸ್ ಕಾಟವೂ ಬೇರೆ. ಅಲ್ಲಿ ಕಡತಗಳು ಎಲ್ಲಿಯೂ ಹೋಗಿರುವುದಿಲ್ಲ, ಅಡಗಿಸಲ್ಪಟ್ಟಿರುತ್ತವೆ.

ಈಗ ನಿಮ್ಮ ಸಲಹೆಗಾರರ ಕಡೆಗೆ ಬರೋಣ. ಫಾರ್ಮ್ಯಾಟ್ ಮಾಡಿದ ಮೇಲೂ ಕಡತಗಳನ್ನು ಹುಡುಕಿ ತೆಗೆಯಬಹುದೆಂಬ ನಿಮ್ಮ ಅಳಿಯನ ಮಾತು ಪೂರ್ತಿ ಸುಳ್ಳಲ್ಲ. ಕ್ವಿಕ್ ಫಾರ್ಮ್ಯಾಟ್ ಹೊಸ ಖಾಲಿ ಪಟ್ಟಿಯನ್ನಷ್ಟೇ ಬರೆಯುತ್ತದೆ. ಆದರೆ ಆ ಹೊಸ ಪಟ್ಟಿ ಹಳೆಯ ಪಟ್ಟಿಯ ಜಾಗದ ಮೇಲೇ ಕೂರಬಹುದು, ಅಂದರೆ ಹರಿದ ಹಾಜರಿ ಪುಸ್ತಕದಲ್ಲಿ ಉಳಿದಿದ್ದ ಹಾಳೆಗಳ ಮೇಲೂ ಮಸಿ ಬಳಿದಂತೆ. ಕ್ವಿಕ್ ಎಂಬ ಗುರುತು ಅಕಸ್ಮಾತ್ ತಪ್ಪಿದರಂತೂ ವಿಸ್ತಾ ನಂತರದ ಎಲ್ಲ ವಿಂಡೋಸ್ ಆವೃತ್ತಿಗಳು ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತಾ ಹೋಗುತ್ತವೆ. ಫಾರ್ಮ್ಯಾಟ್‌ನಿಂದ ನಿಮಗೆ ಸಿಗುವ ಲಾಭವಾದರೂ ಏನು? ರಿಕವರಿ ತಂತ್ರಾಂಶಗಳಿಗೆ ಫಾರ್ಮ್ಯಾಟ್ ಆಗಿರುವ ಡಿಸ್ಕ್ ಬೇಕೇ ಇಲ್ಲ.

ಫ್ರಿಜ್ಜಿನ ಉಪಾಯ ಬಹಳ ಹಳೆಯ ಡಿಸ್ಕುಗಳ ಕಾಲದ್ದು. ಬಿಗಿದ ಭಾಗಗಳು ಚಳಿಗೆ ಕುಗ್ಗಿ ಸಡಿಲವಾಗಿ, ಕೆಲವು ನಿಮಿಷ ಓಡಿದ ಉದಾಹರಣೆಗಳಿಂದ ಅದು ಹಬ್ಬಿತು. ಮಲೆನಾಡಿನ ಮಳೆಗಾಲದಲ್ಲಿ ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಹೇಗೆ ಬೆವರುತ್ತದೆಂದು ನೀವು ದಿನವೂ ನೋಡುತ್ತೀರಿ. ಡಿಸ್ಕಿನ ಪೆಟ್ಟಿಗೆಗೆ ಗಾಳಿಯ ಒತ್ತಡ ಸರಿದೂಗಿಸಲು ಸಣ್ಣದೊಂದು ಉಸಿರುರಂಧ್ರ ಇರುತ್ತದೆ. ಫ್ರಿಜ್ಜಿನಿಂದ ತೆಗೆದ ಡಿಸ್ಕಿನ ಒಳಗೆ, ತಟ್ಟೆಯ ಮೇಲೇ ಆ ಬೆವರು ಮೂಡಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯವರ ಸಲಹೆ ಮಾತ್ರ ಕೆಲವು ಸಂದರ್ಭಗಳಲ್ಲಿ ಸರಿಯಾದ ಸಲಹೆಯೇ. ದುಭಾಷಿ ಸರ್ಕ್ಯೂಟ್ ಸುಟ್ಟಿದ್ದು ಡಿಸ್ಕ್ ಚೆನ್ನಾಗಿದ್ದರೆ ಬೇರೆ ಪೆಟ್ಟಿಗೆಗೆ ಹಾಕಿದ ಕೂಡಲೇ ಎಲ್ಲವೂ ತೆರೆದುಕೊಳ್ಳುತ್ತದೆ. ಆದರೆ ನಿಮ್ಮ ಡಿಸ್ಕ್ ಅಳತೆ ಸರಿಯಾಗಿ ತೋರಿಸುತ್ತಿದ್ದರೆ ಆ ಸರ್ಕ್ಯೂಟಿನ ಮೇಲೆ ಅನುಮಾನಪಡಲು ಕಾರಣವಿಲ್ಲ. ಅಲ್ಲದೆ ಎರಡು ಅಡ್ಡಿಗಳಿವೆ. ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್ ಸರಣಿಯ ಹಲವು ಮಾದರಿಗಳಲ್ಲಿ ಯುಎಸ್‌ಬಿ ಸಾಕೆಟ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕವಚ ಒಡೆದರೂ ಒಳಗೆ ಬೇರೆ ಪೆಟ್ಟಿಗೆಗೆ ಜೋಡಿಸಲು ಬೇಕಾದ ಸಾಟಾ ಕನೆಕ್ಟರ್ ಸಿಗುವುದಿಲ್ಲ. ಇಂಥ ಹಲವು ಡಿಸ್ಕುಗಳಲ್ಲಿ ನೀವು ಪಾಸ್‌ವರ್ಡ್ ಹಾಕದಿದ್ದರೂ ಸರ್ಕ್ಯೂಟ್ ತಾನಾಗಿಯೇ ಡೇಟಾವನ್ನು ಗೂಢಲಿಪಿಗೆ ತಿರುಗಿಸಿ ಬರೆಯುತ್ತದೆ. ಆ ಸರ್ಕ್ಯೂಟ್ ತಪ್ಪಿಸಿ ಓದಿದರೆ ಕಾಣುವುದು ಅರ್ಥವಿಲ್ಲದ ಅಂಕಿಗಳ ರಾಶಿ ಮಾತ್ರ. ಹಾಗಾಗಿ ಯಾವ ಕಾರಣಕ್ಕೂ ಹಳೆಯ ಬೋರ್ಡನ್ನು ಎಸೆಯಬಾರದು.

ಮೂವರೂ ಹೇಳದಿದ್ದ, ಆದರೆ ವಿಂಡೋಸ್ ತಾನಾಗಿಯೇ ಮುಂದಿಡುವ ನಾಲ್ಕನೆಯ ಸಲಹೆಯೊಂದಿದೆ: ‘ಸ್ಕ್ಯಾನ್ ಮಾಡಿ ಸರಿಪಡಿಸಿ’, ಅಂದರೆ ಚೆಕ್‌ಡಿಸ್ಕ್. ಇದರ ಬಗ್ಗೆ ನನಗೆ ಸ್ವಂತ ನಾಚಿಕೆಯ ಅನುಭವವಿದೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬ ಸ್ಟುಡಿಯೊ ಮಾಲೀಕರು ಮದುವೆಯ ಚಿತ್ರಗಳಿದ್ದ ಡಿಸ್ಕ್ ತಂದುಕೊಟ್ಟರು. ನಿಧಾನವಾಗಿತ್ತು, ಆದರೆ ಫೋಲ್ಡರಿನ ಹೆಸರುಗಳು ಇನ್ನೂ ಕಾಣುತ್ತಿದ್ದವು. ರಾತ್ರಿ ಚೆಕ್‌ಡಿಸ್ಕ್ ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಹೆಸರುಗಳಿದ್ದ ಜಾಗದಲ್ಲಿ ‘ಫೌಂಡ್.000’ ಎಂಬ ಒಂದೇ ಫೋಲ್ಡರು, ಅದರೊಳಗೆ ಕ್ರಮಸಂಖ್ಯೆ ಹೊತ್ತ ನೂರಾರು ತುಣುಕುಗಳು, ಮೇಜಿನ ಮೇಲೆ ಟಕ್ ಟಕ್ ಎನ್ನುವ ಡಿಸ್ಕು. ಚೆಕ್‌ಡಿಸ್ಕ್ ತಪ್ಪು ಮಾಡಿರಲಿಲ್ಲ. ಫೈಲ್ ಸಿಸ್ಟಮಿನ ಲೆಕ್ಕ ತಾಳೆಯಾಗುವಂತೆ ಮಾಡುವುದು ಅದರ ಕೆಲಸ. ತಾಳೆಯಾಗದ ನಮೂದುಗಳನ್ನು ಅದು ಹೊಡೆದು ಹಾಕುತ್ತದೆ. ನಿಮ್ಮ ಕಡತ ಉಳಿಸುವ ಹೊಣೆ ಅದಕ್ಕಿಲ್ಲ. ಸಾಯುತ್ತಿದ್ದ ಡಿಸ್ಕಿನ ಮೇಲೆ ಬರೆಯಲು ಬಿಟ್ಟವನು ನಾನು.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವೆಂದರೆ, ಮೊದಲು ಡಿಸ್ಕಿನ ಇಡೀ ಪ್ರತಿಯನ್ನು ಸೆಕ್ಟರ್ ಸೆಕ್ಟರಾಗಿ ತೆಗೆಯುವುದು, ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ ಮಾಡುವುದು. ಅದಕ್ಕೂ ಮುನ್ನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ವರದಿಯನ್ನು ಒಮ್ಮೆ ನೋಡಬಹುದು. ಅದರಲ್ಲಿ 5, 197 ಮತ್ತು 198ನೆಯ ಸಾಲುಗಳು ಮುಖ್ಯ. ತಂತ್ರಾಂಶ ಆ ಸಂಖ್ಯೆಗಳನ್ನು 05, ಸಿ5, ಸಿ6 ಎಂದು ತೋರಿಸುತ್ತದೆ. ಮೊದಲನೆಯದು ಈಗಾಗಲೇ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳ ಲೆಕ್ಕ, ಎರಡನೆಯದು ಓದಲಾಗದೆ ಬಾಕಿ ಉಳಿದವುಗಳದ್ದು, ಮೂರನೆಯದು ತಿದ್ದಲಾಗದವುಗಳದ್ದು. 197ರ ಎದುರು ಸೊನ್ನೆಯಲ್ಲದ ಅಂಕಿ ಕಂಡರೆ ಮೊದಲಿನ ನನ್ನ ಊಹೆ ದೃಢವಾಯಿತು.

ಪ್ರತಿ ತೆಗೆಯಲು ನಾನು ಬಳಸುವುದು ಜಿಎನ್‌ಯು ಯೋಜನೆಯ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶ. ಅಂತೋನಿಯೊ ದಿಯಾಸ್ ದಿಯಾಸ್ ಎಂಬುವರು ಬರೆದದ್ದು. ಸಾಮಾನ್ಯ ಕಾಪಿ ಕೆಟ್ಟ ಸೆಕ್ಟರ್ ಸಿಕ್ಕಿದಲ್ಲಿ ಹಟ ಹಿಡಿದು ನಿಂತರೆ, ಇದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಬರುವ ಭಾಗಗಳನ್ನೆಲ್ಲ ಎತ್ತಿಕೊಂಡು, ತೊಂದರೆ ಕೊಡುವ ಜಾಗಗಳನ್ನು ಹಾರಿ ಮುಂದೆ ಹೋಗುತ್ತದೆ. ಉಳಿದ ಜಾಗಗಳಿಗೆ ನಂತರದ ಸುತ್ತುಗಳಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆ, ಏನು ಬಾಕಿಯಿದೆ ಎಂಬುದನ್ನು ಒಂದು ಚಿಕ್ಕ ನಕ್ಷೆ ಕಡತದಲ್ಲಿ ಬರೆದಿಡುವುದರಿಂದ ಮಧ್ಯೆ ಕರೆಂಟು ಹೋದರೂ, ಡಿಸ್ಕ್ ಬಿಸಿಯಾಯಿತೆಂದು ನೀವೇ ನಿಲ್ಲಿಸಿದರೂ ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಇದನ್ನು ವಿಂಡೋಸಿನಲ್ಲಿ ಮಾಡಲು ಹೋಗಬೇಡಿ, ಏಕೆಂದರೆ ಡಿಸ್ಕ್ ಸಿಕ್ಕಿಸಿದ ಕ್ಷಣದಿಂದ ವಿಂಡೋಸ್ ತಾನೇ ಅದನ್ನು ಕೆದಕಲು ಶುರುಮಾಡುತ್ತದೆ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಆವೃತ್ತಿಯನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಆರಂಭಿಸಿದರೆ ಅದರಲ್ಲಿ ಡಿಡಿರೆಸ್ಕ್ಯೂ ಸಿದ್ಧವಾಗಿರುತ್ತದೆ.

ಇಲ್ಲಿ ಒಂದು ಅಪಾಯವಿದೆ. ಮೂಲ ಯಾವುದು, ಗುರಿ ಯಾವುದು ಎಂದು ಆಜ್ಞೆಯಲ್ಲಿ ಅದಲುಬದಲಾಗಿ ಬರೆದರೆ ಖಾಲಿ ಡಿಸ್ಕಿನ ಪ್ರತಿ ನಿಮ್ಮ ತುಂಬಿದ ಡಿಸ್ಕಿನ ಮೇಲೆ ಬೀಳುತ್ತದೆ. ಅದಕ್ಕಾಗಿ ನಾನು ಸದಾ ಬೇರೆ ಅಳತೆಯ ಡಿಸ್ಕನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತೇನೆ. ನೀವು 2 ಟಿಬಿಯದೊಂದು ಹೊಸ ಡಿಸ್ಕ್ ಕೊಳ್ಳಿ. ಪರದೆಯ ಮೇಲಿನ ಪಟ್ಟಿಯಲ್ಲಿ ಒಂದರ ಎದುರು 931 ಜಿಬಿ, ಇನ್ನೊಂದರ ಎದುರು ಅದರ ಎರಡರಷ್ಟು ಕಂಡಾಗ ಗೊಂದಲಕ್ಕೆ ಎಡೆಯಿರುವುದಿಲ್ಲ, ಸಿಕ್ಕಿದ ಕಡತಗಳನ್ನು ಇಡಲು ಜಾಗವೂ ಉಳಿಯುತ್ತದೆ. ಅಷ್ಟಾದರೂ ಎಂಟರ್ ಒತ್ತುವ ಮುನ್ನ ಸೀರಿಯಲ್ ಸಂಖ್ಯೆಯನ್ನು ಡಿಸ್ಕಿನ ಬೆನ್ನಿನ ಮೇಲಿರುವುದರೊಂದಿಗೆ ಹೋಲಿಸಿ ನೋಡಿ. ಆರೋಗ್ಯವಂತ ಡಿಸ್ಕಾದರೆ ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿ ಪ್ರತಿಗೆ ಮೂರು ಗಂಟೆಯೊಳಗೆ ಸಾಕು, ಹಳೆಯ 2.0 ಪೋರ್ಟಿನಲ್ಲಿ 30 ಎಂಬಿ ವೇಗದಲ್ಲಿ ಒಂಬತ್ತು ಗಂಟೆಗೂ ಮಿಕ್ಕಿ ಬೇಕು. ನಿಮ್ಮದರಂಥ ಡಿಸ್ಕಿಗೆ ಎರಡು ಮೂರು ದಿನ ಹಿಡಿದರೂ ಆಶ್ಚರ್ಯವಿಲ್ಲ. ಅಷ್ಟೂ ಹೊತ್ತು ಡಿಸ್ಕನ್ನು ಅಲುಗಾಡಿಸದೆ ಪಕ್ಕದಲ್ಲೊಂದು ಫ್ಯಾನ್ ಓಡಲಿ, ಕಂಪ್ಯೂಟರ್ ಯುಪಿಎಸ್ ಮೇಲಿರಲಿ. ವೇಗ ಕಿಲೊಬೈಟಿಗೆ ಕುಸಿದು ಹೊಸ ಸದ್ದು ಶುರುವಾದರೆ ಅಲ್ಲಿಗೇ ನಿಲ್ಲಿಸಿ.

ಪ್ರತಿ ಕೈಗೆ ಬಂದ ಮೇಲೆ ಆತುರವಿಲ್ಲ, ಹೆದರಿಕೆಯೂ ಇಲ್ಲ. ಡಿಸ್ಕಿನ ಫೈಲ್ ಸಿಸ್ಟಮ್ ವಿಂಡೋಸಿನ ಎನ್‌ಟಿಎಫ್‌ಎಸ್ ಆಗಿದ್ದರೆ ಅದರ ಬೂಟ್ ಸೆಕ್ಟರಿನ, ಅಂದರೆ ಅದರ ವಿವರ ಹೊತ್ತ ಮೊದಲ ಸೆಕ್ಟರಿನ, ಇನ್ನೊಂದು ಪ್ರತಿ ಪಾರ್ಟಿಷನ್ನಿನ ಕೊನೆಯಲ್ಲಿರುತ್ತದೆ. ಮುಖ್ಯ ಪಟ್ಟಿಯ ಮೊದಲ ನಾಲ್ಕು ನಮೂದುಗಳ ನಕಲೂ ಬೇರೆಡೆ ಇರುತ್ತದೆ. ಕ್ರಿಸ್ತೋಫ್ ಗ್ರೆನಿಯೆ ಅವರ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಈ ನಕಲುಗಳನ್ನು ಹುಡುಕಿ ಮೂಲದ ಜಾಗದಲ್ಲಿ ಕೂರಿಸಬಲ್ಲದು. ಅನೇಕ ಸಲ ಇಷ್ಟರಲ್ಲೇ ಫೋಲ್ಡರುಗಳು ಹೆಸರು ಸಮೇತ ತೆರೆದುಕೊಳ್ಳುತ್ತವೆ. ಅದಾಗದಿದ್ದರೆ ಪಟ್ಟಿಯ ನಮೂದುಗಳನ್ನು ಬಿಡಿಬಿಡಿಯಾಗಿ ಹುಡುಕುವ ತಂತ್ರಾಂಶಗಳಿವೆ. ಪ್ರತಿ ನಮೂದೂ ಸಾಮಾನ್ಯವಾಗಿ 1 ಕಿಲೊಬೈಟಿನದು, ಅದರ ತಲೆಯಲ್ಲಿ ಇಂಗ್ಲಿಷಿನ ‘ಫೈಲ್’ ಎಂಬ ನಾಲ್ಕು ಅಕ್ಷರ ಇರುತ್ತವೆ, ಒಳಗೆ ಕಡತದ ಹೆಸರು, ದಿನಾಂಕ, ಅದು ಡಿಸ್ಕಿನಲ್ಲಿರುವ ಜಾಗ ಎಲ್ಲ ಬರೆದಿರುತ್ತದೆ. ಪಟ್ಟಿಯ ಒಂದು ಭಾಗ ನಾಶವಾದರೂ ಉಳಿದ ನಮೂದುಗಳು ತಮ್ಮ ತಮ್ಮ ಕಡತಗಳನ್ನು ತೋರಿಸಿಕೊಡುತ್ತವೆ.

ಅದೂ ಕೈಕೊಟ್ಟ ಕಡತಗಳಿಗೆ ಕೊನೆಯ ದಾರಿ ಫೋಟೋರೆಕ್. ಇದು ಪಟ್ಟಿಯನ್ನು ನೋಡುವುದೇ ಇಲ್ಲ. ಜೆಪೆಗ್ ಚಿತ್ರ ಹೀಗೆ ಆರಂಭವಾಗುತ್ತದೆ, ವರ್ಡ್ ಕಡತ ಹೀಗೆ ಆರಂಭವಾಗುತ್ತದೆ ಎಂಬ ಗುರುತು ಹಿಡಿದು ಇಡೀ ಪ್ರತಿಯನ್ನು ಜಾಲಾಡುತ್ತದೆ. ಚಿತ್ರಗಳು ಸಿಗುತ್ತವೆ, ಆದರೆ ನೀವು ಕೊಟ್ಟಿದ್ದ ಊರಿನ ಹೆಸರು, ಫೋಲ್ಡರಿನ ಹೆಸರು ಯಾವುದೂ ಇರುವುದಿಲ್ಲ. ತುಂಡುತುಂಡಾಗಿ ಬೇರೆ ಬೇರೆ ಜಾಗದಲ್ಲಿ ಬರೆದಿದ್ದ ದೊಡ್ಡ ಕಡತಗಳು ಕೆಟ್ಟು ಬರುತ್ತವೆ. ಕ್ಯಾಮೆರಾ ಚಿತ್ರದೊಳಗೇ ಬರೆದಿಟ್ಟ ದಿನಾಂಕ ಮತ್ತು ವೇಳೆಯ ಆಧಾರದಲ್ಲಿ ಅವನ್ನು ಜೋಡಿಸಿಕೊಳ್ಳಬಹುದು. ಕ್ಷೇತ್ರಕಾರ್ಯದ ಡೈರಿ ಬರೆಯುವ ಅಭ್ಯಾಸ ನಿಮಗಿದ್ದರೆ ಯಾವ ದಿನ ಯಾವ ಊರಿನ ಕಲ್ಲಿನ ಮುಂದೆ ನಿಂತಿದ್ದಿರಿ ಎಂಬುದು ಅದರಿಂದಲೇ ತಿಳಿಯುತ್ತದೆ.

ನಿಮ್ಮ ಟಿಪ್ಪಣಿಗಳ ವಿಷಯದಲ್ಲಿ ಬೇರೆಲ್ಲೂ ಯಾರೂ ಹೇಳದ ತೊಡಕೊಂದಿದೆ. ಹೆಸರು ಕಳೆದುಕೊಂಡ ನೂರಾರು ವರ್ಡ್ ಕಡತಗಳಲ್ಲಿ ಬೇಕಾದ್ದನ್ನು ಹುಡುಕಲು ‘ವೀರಗಲ್ಲು’ ಎಂದು ಯೂನಿಕೋಡಿನಲ್ಲಿ, ಅಂದರೆ ಇಂದಿನ ಫೋನು, ಜಾಲತಾಣಗಳು ಬಳಸುವ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡಿದರೆ ಒಂದೂ ಸಿಗುವುದಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಬರೆದ ಕನ್ನಡ, ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಲ್ಯಾಟಿನ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸಿದ ಬರಹ ಅದು. ಕಡತ ಖಾಲಿಯೆಂದೋ ಕೆಟ್ಟಿದೆಯೆಂದೋ ಭಾವಿಸಿ ಯಾರಾದರೂ ಅಳಿಸಿಬಿಡುವುದಕ್ಕೂ ಇದೇ ಕಾರಣ: ನುಡಿ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚುಕ್ಕಿ, ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಫಾಂಟು ಸ್ಥಾಪಿಸಿ, ನೀವು ಬಳಸುತ್ತಿದ್ದ ಅದೇ ನುಡಿ ಕೀಲಿಮಣೆಯಲ್ಲಿ ಪದ ಟೈಪಿಸಿ, ಅದನ್ನು ಹುಡುಕಾಟದ ಪೆಟ್ಟಿಗೆಗೆ ಅಂಟಿಸಿ ಹುಡುಕಿ. ಸಿಕ್ಕವನ್ನು ನಿಧಾನವಾಗಿ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬಹುದು.

ಇಲ್ಲಿ ಹೇಳಿದ್ದೆಲ್ಲ ತಿರುಗುವ ಡಿಸ್ಕಿಗೆ ಅನ್ವಯಿಸುವಂಥದ್ದು. ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲೇ ಬರೆಯುವ ಎಸ್‌ಎಸ್‌ಡಿ ಆಗಿದ್ದರೆ ಕಿವಿಯ ಪರೀಕ್ಷೆಯೇ ಇಲ್ಲ, ಮತ್ತು ಫಾರ್ಮ್ಯಾಟ್ ಮಾಡಿದಾಗ ‘ಈ ಜಾಗದಲ್ಲಿರುವುದು ಇನ್ನು ಬೇಡ’ ಎನ್ನುವ ‘ಟ್ರಿಮ್’ ಎಂಬ ಆದೇಶ ತಲುಪಿಬಿಟ್ಟರೆ ಹಳೆಯದನ್ನು ಡಿಸ್ಕ್ ತಾನೇ ಅಳಿಸಿಹಾಕುತ್ತದೆ. ಈಚಿನ ಕೆಲವು ತಿರುಗುವ ಡಿಸ್ಕುಗಳೂ ಈ ಆದೇಶವನ್ನು ಪಾಲಿಸುತ್ತವೆ. ಫಾರ್ಮ್ಯಾಟ್ ಬೇಡವೆಂದದ್ದಕ್ಕೆ ಇದೂ ಒಂದು ಕಾರಣ.

ಇಷ್ಟನ್ನು ನೀವೇ ಮಾಡಬೇಕೆಂದಿಲ್ಲ. ಲಿನಕ್ಸ್ ಬಲ್ಲವರೊಬ್ಬರು ಜೊತೆಗಿಲ್ಲದಿದ್ದರೆ, ಅಥವಾ ಟಕ್ ಟಕ್ ಸದ್ದು ಕೇಳಿದ್ದರೆ, ಡಿಸ್ಕನ್ನು ಶುದ್ಧಗಾಳಿಯ ಕೊಠಡಿಯಿರುವ ಡೇಟಾ ರಿಕವರಿ ಪ್ರಯೋಗಾಲಯಕ್ಕೇ ಕೊಡುವುದು ಮೇಲು. ಅಲ್ಲಿ ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಹೆಡ್ಡುಗಳನ್ನು ತೆಗೆದು ಜೋಡಿಸಿ ಓದುತ್ತಾರೆ, ಖರ್ಚು ಹೆಚ್ಚು. ಕೊಡುವ ಮುನ್ನ ಕೇಳಬೇಕಾದ್ದು ಮೂರು: ರಿಪೇರಿಗೆ ಮೊದಲು ಪೂರ್ತಿ ಪ್ರತಿ ತೆಗೆಯುತ್ತೀರಾ, ಕಡತಗಳು ಸಿಗದಿದ್ದರೆ ಶುಲ್ಕ ಎಷ್ಟು, ಡಿಸ್ಕನ್ನು ತೆರೆಯುವುದಾದರೆ ಎಲ್ಲಿ ತೆರೆಯುತ್ತೀರಿ. ಮಾಮೂಲಿ ಮೇಜಿನ ಮೇಲೆ ತೆರೆದು, ತಟ್ಟೆಯ ಮೇಲೆ ಹೆಬ್ಬೆರಳಿನ ಗುರುತು ಸ್ಪಷ್ಟವಾಗಿ ಮೂಡಿದ್ದ ಡಿಸ್ಕೊಂದನ್ನು ನನ್ನ ಬಳಿ ತಂದಿದ್ದರು. ಅದನ್ನು ನೋಡಿ ಹಿಂದಿರುಗಿಸುವುದನ್ನು ಬಿಟ್ಟು ಬೇರೇನೂ ಮಾಡಲು ನನ್ನಿಂದಾಗಲಿಲ್ಲ. ಕೊರಿಯರಿನಲ್ಲಿ ಕಳಿಸುವುದಾದರೆ ಸುತ್ತಲೂ ಎರಡು ಅಂಗುಲ ದಪ್ಪದ ಸ್ಪಂಜು ಬರುವಂಥ ಗಟ್ಟಿ ಪೆಟ್ಟಿಗೆ ಬಳಸಿ. ಕವಚ, ಬೋರ್ಡು, ಕೇಬಲ್ ಎಲ್ಲವೂ ಜೊತೆಗಿರಲಿ. ವಿಂಡೋಸಿನ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಪೆಟ್ಟಿಗೆಯೊಳಗೆ ಇಡದೆ ಬೇರೆಯಾಗಿ ತಿಳಿಸಿ.